ತರಂಗಫಲನದ ಲೆಕ್ಕ: ಬಿಡಿಸುವ ಬಗೆ, ತಾಳೆ ನೋಡುವ ಬಗೆ

ಕಂದಪದ್ಯವನ್ನು ಬರೆಯಲು ಕಲಿಯುವ ವಿದ್ಯಾರ್ಥಿಯು ಪದ್ಯ ಮುಗಿದೊಡನೆ ಲೇಖನಿಯನ್ನು ಕೆಳಗಿಡುವುದಿಲ್ಲ. ಅಕ್ಷರಗಳ ನೆತ್ತಿಯ ಮೇಲೆ ಲಘು ಗುರುಗಳ ಗುರುತು ಹಾಕಿ, ನಾಲ್ಕು ನಾಲ್ಕು ಮಾತ್ರೆಗಳ ಗಣಗಳಾಗಿ ವಿಂಗಡಿಸಿ, ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ೧೨, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ೨೦, ಒಟ್ಟಿಗೆ ೬೪ ಮಾತ್ರೆಗಳು ಬಂದಿವೆಯೆ ಎಂದು ಎಣಿಸುತ್ತಾನೆ. ಎಣಿಕೆ ಸರಿಬಂದ ಮಾತ್ರಕ್ಕೆ ಪದ್ಯ ಶುದ್ಧವಾಯಿತೆಂದೂ ಅಲ್ಲ. ವಿಷಮಸ್ಥಾನದಲ್ಲಿ ಜಗಣ ನುಸುಳಿದ್ದರೆ, ಇಲ್ಲವೆ ಪೂರ್ವಾರ್ಧ ಉತ್ತರಾರ್ಧಗಳ ಆರನೆಯ ಗಣವು ಜಗಣವೂ ಆಗದೆ ಸರ್ವಲಘುವೂ ಆಗದೆ ಬೇರೊಂದಾಗಿದ್ದರೆ, ೬೪ ಮಾತ್ರೆಗಳಿದ್ದೂ ಅದು ಕಂದವಲ್ಲ. ಅಂದರೆ ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದುದು ಇನ್ನೊಂದರಲ್ಲಿ ಬೀಳಬಹುದು. ಬಲ್ಲವರು ಎಲ್ಲ ಒರೆಗಲ್ಲುಗಳಿಗೂ ಹಚ್ಚಿ ನೋಡಿದ ಮೇಲೆಯೇ ಪದ್ಯವನ್ನು ಒಪ್ಪುತ್ತಾರೆ.

ಭೌತವಿಜ್ಞಾನದಲ್ಲಿ ಇದೇ ಶಿಸ್ತನ್ನು ಕಟ್ಟುನಿಟ್ಟಾಗಿ ಬೇಡುವ ಒಂದು ವಿಭಾಗವಿದೆ. ಅದು ಪರಮಾಣು, ಎಲೆಕ್ಟ್ರಾನು ಮುಂತಾದ ಸೂಕ್ಷ್ಮ ವಸ್ತುಗಳ ನಡೆಯನ್ನು ವಿವರಿಸುವ ಕ್ವಾಂಟಂ ಬಲವಿಜ್ಞಾನ. ಅದರ ಲೆಕ್ಕಗಳಲ್ಲಿ ಅತ್ಯಂತ ಚಿಕ್ಕವು ಒಂದೇ ಗೆರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಚಲಿಸುವ ಕಣದ ಲೆಕ್ಕಗಳು. ಪದವಿ ತರಗತಿಯ ವಿದ್ಯಾರ್ಥಿಗಳು ಮೊದಲು ಎದುರಿಸುವುದು ಇವುಗಳನ್ನೇ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಪಟ್ಟಣದ ಕಾಲೇಜಿಗೆ ಹೋದ ಹಳ್ಳಿಯ ಮಕ್ಕಳು ಇಲ್ಲಿ ಎಡವುವುದು ಬುದ್ಧಿಯ ಕೊರತೆಯಿಂದಲ್ಲ. ಪರಭಾಷೆಯ ವಾಕ್ಯಕ್ಕೆ ಅಂಜಿ ಸೂತ್ರವನ್ನು ಉರುಹೊಡೆಯುತ್ತಾರೆ. ಉರುಹೊಡೆದ ಸೂತ್ರ ಉತ್ತರವನ್ನು ಕೊಟ್ಟೀತು, ಆ ಉತ್ತರ ಸರಿಯೇ ಎಂದು ಹೇಳಲಾರದು. ಈಗಂತೂ ಗಣಕಯಂತ್ರವು ಕ್ಷಣಮಾತ್ರದಲ್ಲಿ ಉತ್ತರವನ್ನು ಮುಂದಿಡುತ್ತದೆ; ಅದನ್ನು ಒಪ್ಪಬೇಕೊ ಬಿಡಬೇಕೊ ಎಂಬ ತೀರ್ಮಾನ ಮಾತ್ರ ವಿದ್ಯಾರ್ಥಿಯದೇ. ಆದುದರಿಂದ ಬಿಡಿಸುವ ಕ್ರಮಕ್ಕಿಂತ ತಾಳೆ ನೋಡುವ ಕ್ರಮವನ್ನೇ ಹೆಚ್ಚಾಗಿ, ಆದಷ್ಟು ಮಾತಿನಲ್ಲಿಯೇ, ಇಲ್ಲಿ ವಿವರಿಸಲಾಗಿದೆ.

ಈ ಶಾಸ್ತ್ರ ಹುಟ್ಟಿದ ಬಗೆಯಲ್ಲಿಯೇ ತಾಳೆ ನೋಡುವಿಕೆಯ ಮಹತ್ವವಿದೆ. ಚಲಿಸುವ ಕಣಕ್ಕೆ ಅಲೆಯ ಗುಣವೂ ಉಂಟೆಂದು ಫ್ರಾನ್ಸಿನ ಲೂಯಿ ದ ಬ್ರಾಯ್ ಎಂಬ ತರುಣನು ೧೯೨೪ರಲ್ಲಿ ತನ್ನ ಪ್ರಬಂಧದಲ್ಲಿ ಪ್ರತಿಪಾದಿಸಿದನು. ಕಣದ ಸಂವೇಗ ಹೆಚ್ಚಿದಷ್ಟೂ ಅಲೆಯ ಉದ್ದ ಕಡಮೆ. ಎರಡರ ಗುಣಲಬ್ಧವು ಯಾವಾಗಲೂ ಪ್ಲಾಂಕ್ ಸ್ಥಿರಾಂಕ. ಅಲೆಯಿದ್ದ ಮೇಲೆ ಅದಕ್ಕೊಂದು ಸಮೀಕರಣ ಬೇಕಲ್ಲವೆ? ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಎರ್ವಿನ್ ಶ್ರೋಡಿಂಗರನು ಆ ಕೆಲಸಕ್ಕೆ ಕೈಹಾಕಿದನು. ಮೊದಲು ಅವನು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನೂ ಒಳಗೊಂಡ ಸಮೀಕರಣವೊಂದನ್ನು ಕಟ್ಟಿದನು. ನೋಡಲು ಅದು ಭವ್ಯವಾಗಿತ್ತು. ಆದರೆ ಜಲಜನಕ ಪರಮಾಣುವಿಗೆ ಅನ್ವಯಿಸಿ ನೋಡಿದಾಗ, ರೋಹಿತದ ಗೆರೆಗಳು ಸೂಕ್ಷ್ಮವಾಗಿ ಸೀಳಿಕೊಂಡಿರುವ ಅಳತೆಗೆ ಅದು ಕೊಟ್ಟ ಬೆಲೆ ತಾಳೆಯಾಗಲಿಲ್ಲ. ಶ್ರೋಡಿಂಗರನು ಅದನ್ನು ಬದಿಗಿಟ್ಟನು. ಸಾಪೇಕ್ಷತೆಯನ್ನು ಬಿಟ್ಟು ಸರಳವಾದ ಸಮೀಕರಣವನ್ನು ಬರೆದು, ಗಣಿತಜ್ಞ ಹರ್ಮನ್ ವೈಲನ ನೆರವಿನಿಂದ ಬಿಡಿಸಿದಾಗ, ಜಲಜನಕದ ಶಕ್ತಿಮಟ್ಟಗಳು ಬೋರನು ೧೯೧೩ರಲ್ಲಿ ಹೇಳಿದಂತೆಯೇ ಹೊರಬಂದವು. ೧೯೨೬ರ ಜನವರಿಯಿಂದ ಮುಂದಿನ ಆರು ತಿಂಗಳ ಒಳಗೆ ಆತನು ಬರೆದ ನಾಲ್ಕು ಲೇಖನಗಳು ಈ ಶಾಸ್ತ್ರದ ಮೂಲಗ್ರಂಥಗಳೆನಿಸಿವೆ.

ಬದಿಗಿಟ್ಟ ಸಮೀಕರಣದಲ್ಲಿ ಕೊರತೆಯಾಗಿದ್ದುದು ಎಲೆಕ್ಟ್ರಾನಿನ ಸ್ಪಿನ್ ಎಂಬ ಗುಣ. ಅದನ್ನು ಒಳಗೊಂಡ ಸಮೀಕರಣವನ್ನು ೧೯೨೮ರಲ್ಲಿ ಡಿರಾಕನು ಕೊಟ್ಟನು. ಮೊದಲಿನದೂ ವ್ಯರ್ಥವಾಗಲಿಲ್ಲ. ೧೯೨೬ರಲ್ಲಿಯೇ ಕ್ಲೈನ್, ಗಾರ್ಡನ್ ಮುಂತಾದವರು ಅದನ್ನು ಪ್ರಕಟಿಸಿದರು, ಸ್ಪಿನ್ ಇಲ್ಲದ ಕಣಗಳಿಗೆ ಅದು ಸಲ್ಲುತ್ತದೆ. ತಾಳೆಯು 'ಇದು ಸರಿಯಿಲ್ಲ' ಎಂದು ಮಾತ್ರ ಹೇಳುತ್ತದೆ, ಏಕೆ ಸರಿಯಿಲ್ಲವೆಂಬುದನ್ನು ಹುಡುಕುವ ಭಾರ ಲೆಕ್ಕ ಮಾಡುವವನ ಮೇಲೆಯೇ ಬೀಳುತ್ತದೆ.

ಸಮೀಕರಣವೇನೊ ದೊರೆಯಿತು; ಅದರಲ್ಲಿ ಅಲೆಯಾಡುವ ವಸ್ತುವಾದರೂ ಯಾವುದು? ಇದಕ್ಕೆ ಉತ್ತರವನ್ನು ಕೊಟ್ಟವನು ಜರ್ಮನಿಯ ಮ್ಯಾಕ್ಸ್ ಬಾರ್ನ್. ೧೯೨೬ರ ಬೇಸಗೆಯಲ್ಲಿ ಅಚ್ಚಿಗೆ ಕಳುಹಿಸಿದ ಕಿರುಲೇಖನವೊಂದರಲ್ಲಿ, ತರಂಗಫಲನವು ಸಂಭಾವ್ಯತೆಯನ್ನು ಸೂಚಿಸುತ್ತದೆಂದು ಆತನು ಬರೆದನು. ಆದರೆ ಫಲನದ ಬೆಲೆ ಧನವಾಗಿಯೂ ಇರಬಹುದು, ಋಣವಾಗಿಯೂ ಇರಬಹುದು. ಸಂಭಾವ್ಯತೆಗೆ ಋಣಬೆಲೆ ಎಂಬುದಿಲ್ಲ. ಅಚ್ಚಿನ ಕರಡನ್ನು ತಿದ್ದುವಾಗ ಬಾರ್ನನು ಅಡಿಟಿಪ್ಪಣಿಯೊಂದನ್ನು ಸೇರಿಸಿ, ಸಂಭಾವ್ಯತೆಯು ಫಲನಕ್ಕಲ್ಲ, ಫಲನದ ವರ್ಗಕ್ಕೆ ಅನುಪಾತದಲ್ಲಿದೆ ಎಂದು ಸರಿಪಡಿಸಿದನು. ಕರಡು ತಿದ್ದುವ ಕೆಲಸವನ್ನು ಕೀಳೆಂದು ಬಗೆಯುವವರು ಈ ಒಂದು ಟಿಪ್ಪಣಿಯನ್ನು ನೆನೆಯಬೇಕು. ೧೯೫೪ರಲ್ಲಿ ಬಾರ್ನನಿಗೆ ನೊಬೆಲ್ ಪಾರಿತೋಷಕ ದೊರೆತುದು ಮುಖ್ಯವಾಗಿ ಈ ಅರ್ಥವಿವರಣೆಗಾಗಿ. ಇದೇ ಬಾರ್ನನು ನಾಜಿಗಳ ಆಳ್ವಿಕೆಯಲ್ಲಿ ಗಟಿಂಗನ್ನಿನ ತನ್ನ ಪೀಠವನ್ನು ಕಳೆದುಕೊಂಡ ಬಳಿಕ, ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ ೧೯೩೫-೩೬ರಲ್ಲಿ ಸುಮಾರು ಆರು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದು ಉಪನ್ಯಾಸಗಳನ್ನು ನೀಡಿದ್ದನೆಂಬುದು ಕನ್ನಡನಾಡಿನವರು ಮರೆಯಬಾರದ ಸಂಗತಿ.

ಇನ್ನು ಲೆಕ್ಕಕ್ಕೆ ಬರಬಹುದು. ಶ್ರೋಡಿಂಗರನ ಸಮೀಕರಣವನ್ನು ಮಾತಿನಲ್ಲಿ ಹೇಳುವುದಾದರೆ, ಯಾವುದೇ ಸ್ಥಳದಲ್ಲಿ ತರಂಗಫಲನದ ಗೆರೆ ಎಷ್ಟು ಬಾಗುತ್ತದೆಂಬುದು, ಆ ಸ್ಥಳದಲ್ಲಿ ಕಣದ ಚಲನಶಕ್ತಿ ಮತ್ತು ಫಲನದ ಬೆಲೆ ಇವೆರಡರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ, ಚಿಹ್ನೆ ಮಾತ್ರ ವಿರುದ್ಧ. ಒಟ್ಟು ಶಕ್ತಿಯಲ್ಲಿ ಪ್ರಚ್ಛನ್ನ ಶಕ್ತಿಯನ್ನು ಕಳೆದು ಉಳಿಯುವುದೇ ಚಲನಶಕ್ತಿ. ಈ ಶೇಷವು ಧನವಾಗಿರುವೆಡೆ ಗೆರೆಯು ಅಕ್ಷದ ಕಡೆಗೆ ಬಾಗಿ ಅಲೆಯಾಗುತ್ತದೆ. ಋಣವಾಗಿರುವೆಡೆ ಅಕ್ಷದಿಂದ ಹೊರಮುಖವಾಗಿ ಬಾಗಿ, ಒಂದೋ ಕ್ರಮೇಣ ಸೊರಗುತ್ತದೆ ಇಲ್ಲವೆ ಮಿತಿಯಿಲ್ಲದೆ ಬೆಳೆಯುತ್ತದೆ. ಈ ವಾಕ್ಯಗಳು ಮನಸ್ಸಿನಲ್ಲಿ ನಿಂತರೆ ಗೆರೆಯ ಆಕಾರವನ್ನು ಲೆಕ್ಕಕ್ಕೆ ಮೊದಲೇ ಊಹಿಸಬಹುದು.

ಎರಡು ಅಭೇದ್ಯವಾದ ಗೋಡೆಗಳ ನಡುವೆ ಸಿಕ್ಕಿಕೊಂಡ ಕಣವನ್ನು ತೆಗೆದುಕೊಳ್ಳೋಣ. ಒಳಗೆ ಪ್ರಚ್ಛನ್ನ ಶಕ್ತಿ ಶೂನ್ಯ, ಗೋಡೆಯ ಆಚೆ ಕಣಕ್ಕೆ ಪ್ರವೇಶವಿಲ್ಲ. ಆದುದರಿಂದ ಎರಡು ಗೋಡೆಗಳಲ್ಲಿಯೂ ಫಲನವು ಶೂನ್ಯವಾಗಬೇಕು. ವೀಣೆಯ ತಂತಿಯನ್ನು ಎರಡು ತುದಿಗಳಲ್ಲಿ ಬಿಗಿದು ಮೀಟಿದಾಗ ಆಗುವುದೂ ಇದೇ. ತುದಿಗಳು ಅಲುಗಲಾರವು, ನಡುವೆ ಒಂದು, ಎರಡು, ಮೂರು ಹೀಗೆ ಪೂರ್ಣಸಂಖ್ಯೆಯ ಅರ್ಧಾಲೆಗಳು ಮಾತ್ರ ಹಿಡಿಸುತ್ತವೆ. ಗೆರೆಯ ಆಕಾರ ಜ್ಯಾ ಫಲನದ್ದು. ಇಂದು ಜಗತ್ತೆಲ್ಲ 'ಸೈನ್' ಎನ್ನುವ ಶಬ್ದವು ನಮ್ಮ 'ಜ್ಯಾ' ಶಬ್ದವೇ ಅರಬ್ಬಿಯಲ್ಲಿ 'ಜೀಬ'ವಾಗಿ, ಅದನ್ನು 'ಜೈಬ್' ಎಂದು ತಪ್ಪಾಗಿ ಓದಿ ಲ್ಯಾಟಿನ್ನಿಗೆ ತಂದುದರ ಫಲ. ಶಬ್ದಗಳಿಗೂ ತಾಳೆ ತಪ್ಪುತ್ತದೆ.

ಶಕ್ತಿಯ ಸೂತ್ರ ಹೀಗೆ: ಪ್ಲಾಂಕ್ ಸ್ಥಿರಾಂಕದ ವರ್ಗವನ್ನು ಅರ್ಧಾಲೆಗಳ ಸಂಖ್ಯೆಯ ವರ್ಗದಿಂದ ಗುಣಿಸಿ, ಕಣದ ದ್ರವ್ಯರಾಶಿಯ ಎಂಟರಷ್ಟರಿಂದಲೂ ಪೆಟ್ಟಿಗೆಯ ಉದ್ದದ ವರ್ಗದಿಂದಲೂ ಭಾಗಿಸುವುದು. ಒಂದು ನ್ಯಾನೊಮೀಟರ್, ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಉದ್ದದ ಪೆಟ್ಟಿಗೆಯಲ್ಲಿ ಎಲೆಕ್ಟ್ರಾನ್ ಇದ್ದರೆ ಮೊದಲ ಮಟ್ಟದ ಶಕ್ತಿ ೦.೩೭೬ ಎಲೆಕ್ಟ್ರಾನ್ ವೋಲ್ಟ್. ಎರಡನೆಯದು ಅದರ ನಾಲ್ಕರಷ್ಟು, ೧.೫೦೪, ಮೂರನೆಯದು ಒಂಬತ್ತರಷ್ಟು, ೩.೩೮೪. ಮೂರನೆಯದರಿಂದ ಎರಡನೆಯದಕ್ಕೆ ಇಳಿಯುವಾಗ ಬಿಡುಗಡೆಯಾಗುವ ೧.೮೮ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸುಮಾರು ೬೬೦ ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು. ಬರೀ ಕಾಗದದ ಪೆಟ್ಟಿಗೆಯೆಂದು ಇದನ್ನು ಹಗುರವಾಗಿ ಎಣಿಸಬಾರದು. ೨೦೨೩ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಸಂದುದು ಕ್ವಾಂಟಂ ಚುಕ್ಕೆಗಳೆಂಬ ಅತಿಸಣ್ಣ ಹರಳುಗಳ ಸಂಶೋಧನೆಗೆ; ಒಂದೇ ವಸ್ತುವಿನ ಹರಳು ಗಾತ್ರದಲ್ಲಿ ಚಿಕ್ಕದಾದಂತೆ ಅದರ ಬೆಳಕು ಕೆಂಪಿನಿಂದ ನೀಲಿಯತ್ತ ಸರಿಯುತ್ತದೆ. ಪೆಟ್ಟಿಗೆ ಕಿರಿದಾದಂತೆ ಶಕ್ತಿ ಏರುವ ನಿಯಮವೇ ಸ್ಥೂಲವಾಗಿ ಅಲ್ಲಿಯೂ ಕೆಲಸ ಮಾಡುತ್ತದೆ.

ಬಿಡಿಸುವ ಕೆಲಸ ಇಷ್ಟೇ. ಈಗ ತಾಳೆ.

ಅತಿ ಸುಲಭವಾದ ಮೊದಲ ತಾಳೆಯನ್ನೇ ಹೆಚ್ಚಿನವರು ಮರೆಯುತ್ತಾರೆ: ದೊರೆತ ಫಲನವನ್ನು ಗೋಡೆಗಳಲ್ಲಿ ನಿಲ್ಲಿಸಿ ನೋಡುವುದು. ಕೆಲವು ಪುಸ್ತಕಗಳು ಎಡಗೋಡೆಯನ್ನು ಸೊನ್ನೆಯ ಸ್ಥಾನವೆಂದು ಹಿಡಿಯುತ್ತವೆ, ಇನ್ನು ಕೆಲವು ಪೆಟ್ಟಿಗೆಯ ನಟ್ಟನಡುವನ್ನು. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ನಕಲು ಮಾಡಿದ ವಿದ್ಯಾರ್ಥಿಯ ಫಲನ, ನಡುವಿನಲ್ಲಿ ಶೂನ್ಯವಾಗಿ ಗೋಡೆಯಲ್ಲಿ ಗರಿಷ್ಠವಾಗಿರುತ್ತದೆ. ಅದರ ಒಟ್ಟು ಸಂಭಾವ್ಯತೆ ಸರಿಯಾಗಿ ಒಂದೇ ಬರುತ್ತದೆ, ಸಮೀಕರಣಕ್ಕೂ ಅದು ಸಲ್ಲುತ್ತದೆ. ಆದರೂ ತಪ್ಪು! ೬೪ ಮಾತ್ರೆಗಳಿದ್ದೂ ಕಂದವಾಗದ ಪದ್ಯದಂತೆ. ಹಾಗೆಯೇ ಅರ್ಧಾಲೆಗಳ ಸಂಖ್ಯೆ ಸೊನ್ನೆಯೆಂದರೆ ಫಲನವು ಎಲ್ಲೆಲ್ಲಿಯೂ ಶೂನ್ಯ, ಪೆಟ್ಟಿಗೆಯಲ್ಲಿ ಕಣವೇ ಇಲ್ಲ. ಋಣಸಂಖ್ಯೆ ಹೊಸ ಸ್ಥಿತಿಯನ್ನೇನೂ ಕೊಡುವುದಿಲ್ಲ, ಹಳೆಯದನ್ನೇ ತಲೆಕೆಳಗು ಮಾಡುತ್ತದೆ.

ಎರಡನೆಯದು ಮಾನದ ತಾಳೆ. ಒಂದೇ ಗೆರೆಯ ಲೆಕ್ಕದಲ್ಲಿ ಫಲನದ ವರ್ಗವನ್ನು ಉದ್ದದಿಂದ ಗುಣಿಸಿದರೆ ಬರಿಯ ಸಂಖ್ಯೆ ಬರಬೇಕು. ಆದುದರಿಂದ ಜ್ಯಾ ಫಲನದ ಮುಂದಿನ ಗುಣಕವು ಎರಡನ್ನು ಉದ್ದದಿಂದ ಭಾಗಿಸಿ ಬಂದುದರ ವರ್ಗಮೂಲ. ಅವಸರದಲ್ಲಿ ಎರಡಕ್ಕೆ ಮಾತ್ರ ವರ್ಗಮೂಲದ ಗುರುತು ಹಾಕಿ ಉದ್ದವನ್ನು ಹೊರಗೆ ಬಿಟ್ಟವನಿಗೆ ಬೇರೆ ಪರೀಕ್ಷೆ ಬೇಡ, ಮಾನವೇ ಅವನನ್ನು ಹಿಡಿದುಕೊಡುತ್ತದೆ.

ಮೂರನೆಯದು ಮೊತ್ತದ ತಾಳೆ. ದಾಸೋಹದ ಉಗ್ರಾಣದ ಲೆಕ್ಕದಲ್ಲಿ ಜಮೆಯಾದ ಅಕ್ಕಿಯಲ್ಲಿ ಖರ್ಚನ್ನು ಕಳೆದು ಶಿಲ್ಕು ಸರಿಬರದಿದ್ದರೆ ಕಿರ್ದಿಯನ್ನು ಮುಚ್ಚುವಂತಿಲ್ಲ. ಇಲ್ಲಿಯೂ ಕಣವು ಎಲ್ಲಿಯಾದರೂ ಒಂದೆಡೆ ಇರಲೇಬೇಕಾದ ಕಾರಣ ಸಂಭಾವ್ಯತೆಗಳ ಒಟ್ಟು ಮೊತ್ತ ಒಂದು. ಪೆಟ್ಟಿಗೆಯನ್ನು ಮೂರು ಸಮಭಾಗ ಮಾಡಿ, ಮೊದಲ ಮಟ್ಟದಲ್ಲಿರುವ ಕಣವು ನಡುವಿನ ಭಾಗದಲ್ಲಿ ಸಿಕ್ಕುವ ಸಂಭಾವ್ಯತೆ ಎಷ್ಟೆಂದು ಕೇಳಿದರೆ, ಅನುಕಲನದಿಂದ ೦.೬೦೯೦ ಎಂದು ಬರುತ್ತದೆ. ಎಡಬಲಗಳನ್ನೂ ಬೇರೆಯಾಗಿ ಲೆಕ್ಕಮಾಡಿದರೆ ತಲಾ ೦.೧೯೫೫. ಮೂರನ್ನೂ ಕೂಡಿಸಿದರೆ ೧.೦೦೦೦. ಮೊದಲ ಮಟ್ಟದ ಗೆರೆಗೆ ನಡುವೆ ಉಬ್ಬು ಇರುವುದರಿಂದ ನಡುಭಾಗದ ಪಾಲು ಮೂರರಲ್ಲೊಂದಕ್ಕಿಂತ ಹೆಚ್ಚಿರಬೇಕೆಂಬ ಊಹೆಯೂ ನಿಜವಾಯಿತು. ಎರಡನೆಯ ಮಟ್ಟದಲ್ಲಿ ಸರಿಯಾಗಿ ನಡುವೆಯೇ ಶೂನ್ಯಬಿಂದು. ಅಲ್ಲಿ ನಡುಭಾಗದ ಪಾಲು ೦.೧೯೫೫ಕ್ಕೆ ಕುಗ್ಗುತ್ತದೆ. ಮೂರನೆಯ ಮಟ್ಟದಲ್ಲಿ ಭಾಗಕ್ಕೊಂದು ಅರ್ಧಾಲೆ ಬರುವುದರಿಂದ ಅನುಕಲನವಿಲ್ಲದೆಯೇ ಮೂರರಲ್ಲೊಂದು ಎನ್ನಬಹುದು. ಮಟ್ಟ ಬಹಳ ಮೇಲಕ್ಕೇರಿದಾಗ ಪಾಲು ಮೂರರಲ್ಲೊಂದರ ಹತ್ತಿರಕ್ಕೇ ಬಂದು ನಿಲ್ಲುತ್ತದೆ, ಏಕೆಂದರೆ ಗೋಡೆಯಿಂದ ಗೋಡೆಗೆ ಒಂದೇ ವೇಗದಲ್ಲಿ ಓಡಾಡುವ ಚೆಂಡು ಪೆಟ್ಟಿಗೆಯ ಯಾವ ಭಾಗದಲ್ಲಿಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹೊಸ ಶಾಸ್ತ್ರದ ಉತ್ತರವು ಹಿರಿದಾದ ಎಲ್ಲೆಯಲ್ಲಿ ಹಳೆಯ ಶಾಸ್ತ್ರದ ಉತ್ತರದೊಡನೆ ಕೂಡಿಕೊಳ್ಳಬೇಕೆಂಬ ಈ ತಾಳೆಯನ್ನು ಬೋರನು ಬಹುವಾಗಿ ನೆಚ್ಚಿದ್ದನು.

ಶೂನ್ಯಬಿಂದುಗಳ ಎಣಿಕೆಯೂ ಒಂದು ಒರೆಗಲ್ಲು. ಗೋಡೆಗಳನ್ನು ಬಿಟ್ಟು, ಅತ್ಯಂತ ಕೆಳಗಿನ ಮಟ್ಟಕ್ಕೆ ಶೂನ್ಯಬಿಂದುವಿಲ್ಲ, ಅದರ ಮೇಲಿನದಕ್ಕೆ ಒಂದು, ಮುಂದಿನದಕ್ಕೆ ಎರಡು. ಗಣಕಯಂತ್ರವು 'ಮೊದಲ ಮಟ್ಟ' ಎಂದು ತೋರಿಸಿದ ಗೆರೆ ನಡುವೆ ಅಕ್ಷವನ್ನು ದಾಟಿದ್ದರೆ, ಅದು ಕೆಳಗಿನ ಮಟ್ಟವನ್ನು ನುಂಗಿದೆಯೆಂದು ತಿಳಿಯಬೇಕು. ಹೈಸೆನ್‌ಬರ್ಗನ ಅನಿಶ್ಚಿತತೆಯ ನಿಯಮದಿಂದಲೂ ತಾಳೆ ನೋಡಬಹುದು. ಮೊದಲ ಮಟ್ಟದಲ್ಲಿ ಸ್ಥಾನದ ಚದುರುವಿಕೆ ಪೆಟ್ಟಿಗೆಯ ಉದ್ದದ ೦.೧೮ರಷ್ಟು. ಅದನ್ನು ಸಂವೇಗದ ಚದುರುವಿಕೆಯಿಂದ ಗುಣಿಸಿದರೆ, ಎರಡು ಪೈಗಳಿಂದ ಭಾಗಿಸಿದ ಪ್ಲಾಂಕ್ ಸ್ಥಿರಾಂಕದ ೦.೫೭ರಷ್ಟು ಬರುತ್ತದೆ. ನಿಯಮದ ಕನಿಷ್ಠ ಮಿತಿ ೦.೫. ಉತ್ತರ ೦.೪ ಬಂದಿದ್ದರೆ ಹಿಂದಕ್ಕೆ ಹೋಗಿ ತಪ್ಪನ್ನು ಹುಡುಕದೆ ಗತ್ಯಂತರವಿಲ್ಲ.

ಮೇಲಿನವೆಲ್ಲ ಸುಲಭದ ತಾಳೆಗಳು. ಈಗ ಹೇಳುವುದು ಸ್ವಲ್ಪ ಗಹನ, ಆದರೆ ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ಸರಿಯಲ್ಲ. ಅದೇ ಪೆಟ್ಟಿಗೆಯಲ್ಲಿ ಕಣದ ಫಲನವು ಜ್ಯಾ ಗೆರೆಯಾಗಿರದೆ ಪರವಲಯದ ಆಕಾರದಲ್ಲಿದೆ ಎಂದಿಟ್ಟುಕೊಳ್ಳೋಣ. ಒಂದು ಗೋಡೆಯಿಂದ ಕಣಕ್ಕಿರುವ ದೂರವನ್ನು ಇನ್ನೊಂದು ಗೋಡೆಯಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಈ ಫಲನ ದೊರೆಯುತ್ತದೆ. ಎರಡು ಗೋಡೆಗಳಲ್ಲಿಯೂ ಅದು ಶೂನ್ಯ. ಪೆಟ್ಟಿಗೆಯ ಉದ್ದವನ್ನು ಒಂದೆಂದು ಹಿಡಿದರೆ, ಸಂಭಾವ್ಯತೆಗಳ ಮೊತ್ತ ಒಂದಾಗಲು ಮುಂದಿನ ಗುಣಕ ೩೦ರ ವರ್ಗಮೂಲವಾಗಬೇಕು. ದ್ರವ್ಯರಾಶಿಯನ್ನೂ ಎರಡು ಪೈಗಳಿಂದ ಭಾಗಿಸಿದ ಪ್ಲಾಂಕ್ ಸ್ಥಿರಾಂಕವನ್ನೂ ಒಂದೆಂದು ಎಣಿಸಿದರೆ, ಶಕ್ತಿಯನ್ನು ಕಂಡುಹಿಡಿಯುವ ಕ್ರಿಯೆ ಸರಳವಾಗುತ್ತದೆ: ಫಲನದ ಬಾಗನ್ನು ತೆಗೆದುಕೊಂಡು, ಚಿಹ್ನೆಯನ್ನು ಬದಲಿಸಿ, ಅರ್ಧಮಾಡುವುದು. ಇದನ್ನು ಶಕ್ತಿಕ್ರಿಯೆ ಎನ್ನೋಣ. ಪರವಲಯದ ಬಾಗು ಎಲ್ಲೆಡೆಯೂ ಒಂದೇ ಆದುದರಿಂದ ಶಕ್ತಿಕ್ರಿಯೆಯ ಫಲ ಒಂದು ಸ್ಥಿರಸಂಖ್ಯೆ, ೩೦ರ ವರ್ಗಮೂಲ. ಅದನ್ನು ಫಲನದಿಂದ ಗುಣಿಸಿ ಅನುಕಲಿಸಿದರೆ ಶಕ್ತಿಯ ಸರಾಸರಿ ೫ ಎಂದು ಬರುತ್ತದೆ. ಇದೇ ಮಾನದಲ್ಲಿ ಪೆಟ್ಟಿಗೆಯ ಕನಿಷ್ಠ ಶಕ್ತಿ ಪೈಯ ವರ್ಗದ ಅರ್ಧ, ಎಂದರೆ ೪.೯೩೫. ಯಾವ ಸರಾಸರಿಯೂ ಕನಿಷ್ಠಕ್ಕಿಂತ ಕಡಮೆಯಿರಲಾರದು. ೫ ಅದಕ್ಕಿಂತ ತುಸು ಹೆಚ್ಚು. ಇಲ್ಲಿಯವರೆಗೆ ಎಲ್ಲವೂ ಸುಸೂತ್ರ.

ಮುಂದಿನ ಪ್ರಶ್ನೆ, ಶಕ್ತಿಯ ಬೆಲೆಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ? ಅದಕ್ಕೆ ಶಕ್ತಿಯ ವರ್ಗದ ಸರಾಸರಿ ಬೇಕು. ವಿದ್ಯಾರ್ಥಿಯು ಶಕ್ತಿಕ್ರಿಯೆಯನ್ನು ಎರಡನೆಯ ಸಲ ಹಚ್ಚುತ್ತಾನೆ. ಮೊದಲ ಸಲ ಬಂದುದು ಸ್ಥಿರಸಂಖ್ಯೆ, ಅದರ ಗೆರೆ ನೇರ; ನೇರ ಗೆರೆಗೆ ಬಾಗಿಲ್ಲ. ಆದುದರಿಂದ ಫಲ ಸೊನ್ನೆ, ಶಕ್ತಿಯ ವರ್ಗದ ಸರಾಸರಿಯೂ ಸೊನ್ನೆ. ಅದರಲ್ಲಿ ಸರಾಸರಿಯ ವರ್ಗವಾದ ೨೫ನ್ನು ಕಳೆದರೆ ಚದುರುವಿಕೆಯ ವರ್ಗ ಋಣ ೨೫! ಕೂಡಿಸುವ ಗುಣಿಸುವ ಯಾವ ಹಂತದಲ್ಲಿಯೂ ತಪ್ಪಿಲ್ಲ. ಆದರೂ ವರ್ಗವೊಂದು ಋಣವಾಗುವುದು ಅಸಂಭವ. ಇಲ್ಲಿ ತಾಳೆ ನೋಡದವನು ಸೊನ್ನೆಯೆಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗಿರುತ್ತಾನೆ.

ದೋಷವಿರುವುದು ಗೋಡೆಯಲ್ಲಿ. ಶಕ್ತಿಕ್ರಿಯೆಯು ಗೋಡೆಗಳಲ್ಲಿ ಶೂನ್ಯವಾಗುವ ಫಲನಗಳಿಗೆ ಮಾತ್ರ ಸಲ್ಲುತ್ತದೆ. ಎಲ್ಲೆಯ ನಿಬಂಧನೆ ಆ ಕ್ರಿಯೆಯ ಅಂಗವೇ ಹೊರತು ಹೊರಗಿನಿಂದ ಅಂಟಿಸಿದ ಷರತ್ತಲ್ಲ. ಮೊದಲ ಸಲ ದೊರೆತ ಸ್ಥಿರಸಂಖ್ಯೆಯ ಗೆರೆ ಗೋಡೆಯವರೆಗೂ ಒಂದೇ ಎತ್ತರದಲ್ಲಿ ನಡೆದು, ಅಲ್ಲಿ ಕಡಿದು ಬೀಳುತ್ತದೆ. ಅದಕ್ಕೆ ಎರಡನೆಯ ಸಲ ಶಕ್ತಿಕ್ರಿಯೆಯನ್ನು ಹಚ್ಚಲು ಅಧಿಕಾರವೇ ಇಲ್ಲ. ವ್ಯಾಕರಣದಲ್ಲಿ ಪ್ರಾಪ್ತಿಯಿಲ್ಲದೆಡೆ ಸೂತ್ರವನ್ನು ಹಚ್ಚಿ ರೂಪವನ್ನು ಸಾಧಿಸಿದರೆ ಆ ರೂಪ ಅಸಾಧುವಾಗುವಂತೆ ಇದೂ ಅಸಾಧು. ಸರಿಯಾದ ದಾರಿಯೆಂದರೆ ಶಕ್ತಿಕ್ರಿಯೆಯ ಫಲವನ್ನು ಅದರಿಂದಲೇ ಗುಣಿಸಿ ಅನುಕಲಿಸುವುದು. ೩೦ರ ವರ್ಗಮೂಲದ ವರ್ಗ ೩೦. ಅದರಲ್ಲಿ ೨೫ ಕಳೆದರೆ ೫; ಚದುರುವಿಕೆ ೫ರ ವರ್ಗಮೂಲ, ಸುಮಾರು ೨.೨೪.

ಇದೂ ನಂಬಿಕೆಯ ಮಾತಾಗಬಾರದೆಂದರೆ ಬೇರೊಂದು ದಾರಿಯಿಂದ ಅದೇ ಊರನ್ನು ಸೇರಿ ನೋಡಬೇಕು. ಪರವಲಯವನ್ನು ಜ್ಯಾ ಫಲನಗಳ ಮೊತ್ತವಾಗಿ ಒಡೆದರೆ ಬೆಸಸಂಖ್ಯೆಯ ಮಟ್ಟಗಳು ಮಾತ್ರ ಉಳಿಯುತ್ತವೆ. ಪ್ರತಿಯೊಂದರ ಪಾಲು, ಆ ಸಂಖ್ಯೆ ಮತ್ತು ಪೈಗಳ ಗುಣಲಬ್ಧದ ಆರನೆಯ ಘಾತದಿಂದ ೯೬೦ನ್ನು ಭಾಗಿಸಿ ಬಂದುದು. ಮೊದಲ ಮಟ್ಟದ ಪಾಲೇ ನೂರಕ್ಕೆ ೯೯.೮೬. ಈ ಪಾಲುಗಳಿಂದ ಶಕ್ತಿಯ ಸರಾಸರಿಯನ್ನು ಕೂಡಿಸಿದರೆ ಸರಿಯಾಗಿ ೫, ಶಕ್ತಿಯ ವರ್ಗದ ಸರಾಸರಿಯನ್ನು ಕೂಡಿಸಿದರೆ ಸರಿಯಾಗಿ ೩೦. ಮೇಲಿನ ಮಟ್ಟಗಳಲ್ಲಿರುವುದು ನೂರಕ್ಕೆ ೦.೧೪ ಪಾಲು ಮಾತ್ರ. ಆದರೂ ಚದುರುವಿಕೆಯನ್ನೆಲ್ಲ ಹೊತ್ತಿರುವುದು ಆ ಅಲ್ಪಾಂಶವೇ. ಇದನ್ನು ನಿಧಾನವಾಗಿ ಒಮ್ಮೆ ಕೈಯಾರೆ ಮಾಡಿದ ವಿದ್ಯಾರ್ಥಿಗೆ ಹತ್ತು ಲೆಕ್ಕಗಳನ್ನು ಉರುಹೊಡೆದುದಕ್ಕಿಂತ ಹೆಚ್ಚಿನ ತಿಳಿವಳಿಕೆ ಬರುತ್ತದೆ.

ಗೋಡೆ ಅಭೇದ್ಯವಲ್ಲದೆ ಮಿತವಾದ ಎತ್ತರದ್ದಾದರೆ ನಿಬಂಧನೆ ಬದಲಾಗುತ್ತದೆ: ಗಡಿಯ ಎರಡು ಕಡೆಯ ಫಲನಗಳೂ ಬೆಸೆಯಬೇಕು, ಅವುಗಳ ಇಳಿಜಾರುಗಳೂ ಬೆಸೆಯಬೇಕು. ಎಡದಿಂದ ಬರುವ ಕಣಕ್ಕೆ ಒಂದು ಮೆಟ್ಟಿಲು ಎದುರಾಗುತ್ತದೆ, ಅದನ್ನು ಏರಲು ಕಣದ ಶಕ್ತಿಯ ಮುಕ್ಕಾಲು ಪಾಲು ವೆಚ್ಚವಾಗುತ್ತದೆ ಎನ್ನೋಣ. ಮೆಟ್ಟಿಲ ಮೇಲೆ ಚಲನಶಕ್ತಿ ಕಾಲುಭಾಗ, ವೇಗ ಅರ್ಧ. ಬಂದ ಅಲೆಯ ಎತ್ತರ ಒಂದಾದರೆ, ಬೆಸುಗೆಯ ನಿಬಂಧನೆಗಳಿಂದ ಹಿಂದಿರುಗಿದ ಅಲೆ ಮೂರರಲ್ಲೊಂದು, ಮುಂದೆ ಹೋದ ಅಲೆ ಮೂರರಲ್ಲಿ ನಾಲ್ಕು. ಒಂದಕ್ಕೆ ಮೂರರಲ್ಲೊಂದನ್ನು ಕೂಡಿದರೆ ಮೂರರಲ್ಲಿ ನಾಲ್ಕು, ಫಲನ ಬೆಸೆಯಿತು. ಒಂದರಲ್ಲಿ ಮೂರರಲ್ಲೊಂದನ್ನು ಕಳೆದು, ಉಳಿದುದನ್ನು ಎಡಗಡೆಯ ಎರಡರಷ್ಟು ವೇಗದಿಂದ ಗುಣಿಸಿದರೂ ಮೂರರಲ್ಲಿ ನಾಲ್ಕೇ, ಇಳಿಜಾರೂ ಬೆಸೆಯಿತು. ಈಗ ಅವಸರದವನು ಎರಡನ್ನೂ ವರ್ಗಮಾಡಿ, ಹಿಂದಿರುಗುವ ಸಂಭಾವ್ಯತೆ ೧/೯, ದಾಟುವ ಸಂಭಾವ್ಯತೆ ೧೬/೯ ಎಂದು ಬರೆಯುತ್ತಾನೆ. ಕೂಡಿದರೆ ೧೭/೯. ನೂರು ಕ್ವಿಂಟಲ್ ಜಮೆಯಾದ ಉಗ್ರಾಣದಿಂದ ನೂರ ಎಂಬತ್ತೊಂಬತ್ತು ಕ್ವಿಂಟಲ್ ಖರ್ಚು ಬಿದ್ದಂತೆ! ಕಾಲುವೆಯ ಹರಿವನ್ನು ಅಳೆಯುವಾಗ ನೀರಿನ ಆಳವನ್ನು ಮಾತ್ರವಲ್ಲದೆ ವೇಗವನ್ನೂ ಗಣಿಸಬೇಕಾದಂತೆ, ಇಲ್ಲಿ ದಾಟಿದ ಪಾಲನ್ನು ವೇಗಗಳ ಅನುಪಾತವಾದ ಅರ್ಧದಿಂದ ಗುಣಿಸಬೇಕು. ಆಗ ಅದು ೮/೯. ಹಿಂದಿರುಗಿದ ೧/೯ ಸೇರಿ ಒಂದು.

ಕಣದ ಶಕ್ತಿಗಿಂತ ಎತ್ತರವಾದ, ಆದರೆ ತೆಳುವಾದ ತಡೆಗೋಡೆಯ ಒಳಗೆ ಅಲೆಯು ಸೊರಗುತ್ತ ಹೋಗಿ, ಉಳಿದ ಅಲ್ಪಾಂಶ ಆಚೆ ಹೊರಬೀಳುತ್ತದೆ. ಇದಕ್ಕೆ ಸುರಂಗ ಪರಿಣಾಮವೆಂದು ಹೆಸರು. ತಡೆಯ ದಪ್ಪವನ್ನು ಸೊನ್ನೆ ಮಾಡಿದಾಗ ಸೂತ್ರವು ಪೂರ್ಣ ದಾಟುವಿಕೆಯನ್ನು ಕೊಡದಿದ್ದರೆ ಸೂತ್ರವನ್ನು ತಪ್ಪಾಗಿ ಬರೆದಿದೆಯೆಂದೇ ಅರ್ಥ. ತಡೆಯ ಎತ್ತರಕ್ಕಿಂತ ೪ ಎಲೆಕ್ಟ್ರಾನ್ ವೋಲ್ಟ್ ಕೊರತೆಯಿರುವ ಎಲೆಕ್ಟ್ರಾನಿಗೆ, ದಪ್ಪವು ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು ಹೆಚ್ಚಿದರೆ ಸಾಕು, ದಾಟುವಿಕೆ ಸುಮಾರು ಎಂಟರಲ್ಲೊಂದಕ್ಕೆ ಇಳಿಯುತ್ತದೆ. ಈ ತೀಕ್ಷ್ಣತೆಯನ್ನೇ ಬಳಸಿಕೊಂಡು ಬಿನ್ನಿಗ್ ಮತ್ತು ರೋರರ್ ಎಂಬುವರು ೧೯೮೧ರಲ್ಲಿ, ಶ್ರೋಡಿಂಗರನು ಸಮೀಕರಣವನ್ನು ಬರೆದ ಜ್ಯೂರಿಕ್ಕಿನ ಸಮೀಪದ ಪ್ರಯೋಗಶಾಲೆಯಲ್ಲಿ, ಬಿಡಿ ಪರಮಾಣುಗಳನ್ನು ಕಾಣಿಸುವ ಸೂಕ್ಷ್ಮದರ್ಶಕವನ್ನು ಕಟ್ಟಿದರು. ೧೯೮೬ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ಸಂದಿತು.

ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಪದವಿ ತರಗತಿಗಳಲ್ಲಿ ಓದುತ್ತಿರುವವರ ಅಭ್ಯಾಸಕ್ಕಾಗಿ ಒಂದು ಲೆಕ್ಕ. ಪೆಟ್ಟಿಗೆಯ ಮೊದಲ ಮಟ್ಟದಲ್ಲಿ ಕಣವಿದೆ. ಬಲಗೋಡೆಯನ್ನು ಥಟ್ಟನೆ ಹಿಂದಕ್ಕೆ ಸರಿಸಿ ಪೆಟ್ಟಿಗೆಯ ಉದ್ದವನ್ನು ಎರಡರಷ್ಟು ಮಾಡಲಾಯಿತು. ಆ ಕ್ಷಣದಲ್ಲಿ ಫಲನ ಬದಲಾಗಲು ಕಾಲವಿಲ್ಲ. ಹೊಸ ಪೆಟ್ಟಿಗೆಯ ಮಟ್ಟಗಳಲ್ಲಿ ಕಣವು ಸಿಕ್ಕುವ ಸಂಭಾವ್ಯತೆಗಳೇನು? ಸಂಭಾವ್ಯತೆಯ ಒಂದು ರೂಪಾಯಿಯನ್ನು ಹಂಚಿದರೆ, ಹೊಸ ಎರಡನೆಯ ಮಟ್ಟಕ್ಕೆ ಸರಿಯಾಗಿ ೫೦ ಪೈಸೆ, ಮೊದಲನೆಯದಕ್ಕೆ ಸುಮಾರು ೩೬, ಮೂರನೆಯದಕ್ಕೆ ಸುಮಾರು ೧೩ ಪೈಸೆ ಸಲ್ಲುತ್ತವೆ. ಶಿಲ್ಕು ಉಳಿದ ಸುಮಾರು ಒಂದು ಪೈಸೆ ಐದು, ಏಳು, ಒಂಬತ್ತು ಮುಂತಾದ ಬೆಸಮಟ್ಟಗಳಿಗೆ ಹೋಗುತ್ತದೆ. ನಾಲ್ಕು, ಆರು, ಎಂಟನೆಯ ಮಟ್ಟಗಳಿಗೆ ಕವಡೆಯೂ ಇಲ್ಲ. ಏಕಿಲ್ಲವೆಂಬುದನ್ನೂ, ಗೋಡೆಯನ್ನು ಸರಿಸಿದ ಮೇಲೆ ಶಕ್ತಿಯ ಸರಾಸರಿ ಮೊದಲಿನಷ್ಟೇ ಉಳಿಯುತ್ತದೆಯೆ ಎಂಬುದನ್ನೂ ಕೂಡಿಸಿ ನೋಡಬೇಕು. ಆ ಮೊತ್ತ ನಿಧಾನವಾಗಿ ತುಂಬಿಬರುತ್ತದೆ. ಮೂರನೆಯ ಮಟ್ಟಕ್ಕೇ ನಿಲ್ಲಿಸಿದವನಿಗೆ ಹೊಸ ಪೆಟ್ಟಿಗೆಯ ಮೊದಲ ಮಟ್ಟದ ೩.೫೩ರಷ್ಟು ಮಾತ್ರ ದೊರೆಯುತ್ತದೆ, ತುಂಬಬೇಕಾದುದು ೪ರಷ್ಟು.